ತಮಟೆ ಗೇಟಿನ ಹೊರಗೆ, ಜಾಜ್ ಹಜಾರದ ಒಳಗೆ

ಶ್ರೀರಂಗಪಟ್ಟಣದ ಸೀಮೆಯಲ್ಲಿ ಒಂದು ಹಳೇ ಬಂಗಲೆ. ಹೆಸರು ಬೇಡ, ಹೇಳಿದರೆ ಅದು ಆ ಒಂದು ಮನೆಯ ತಪ್ಪಾಗಿಬಿಡುತ್ತದೆ. ಅಲ್ಲೊಂದು ಸಂಜೆ ಜಾಜ್ ಸಂಗೀತ. 'ಐತಿಹಾಸಿಕ ಮನೆಯಲ್ಲಿ ಆಪ್ತ ಕೂಟ' ಅಂತ ಆಹ್ವಾನ. ಕಾರುಗಳನ್ನು ಸ್ವಾಗತಿಸಲು ನಮ್ಮ ಕೇರಿಯ ಇಬ್ಬರನ್ನು ತಮಟೆ ಸಮೇತ ಗೇಟಿನಲ್ಲಿ ನಿಲ್ಲಿಸಿದ್ದರು. ಕೊನೇ ಕಾರು ಒಳಹೋಯಿತು. 'ಸಾಕು, ಹೊರಡ್ರಪ್ಪ' ಅಂದರು. ಆ ಇಬ್ಬರು ಹೊರಡಲಿಲ್ಲ. ಕಾಂಪೌಂಡಿನ ಆಚೆ ಕೂತು ಕೇಳಿದರು. ಹಿರಿಯಾತ ತೊಡೆ ಮೇಲೆ ತಾಳ ಹಾಕುತ್ತ, 'ನಮ್ದಿದ್ದಂಗೇ ಅದೆ ಕಣ್ಲಾ' ಅಂದನಂತೆ.

ಆತ ಹೇಳಿದ್ದು ನಿಜ. ಒಳಗಿದ್ದವರಿಗೆ ಅದು ಗೊತ್ತಿರಲಿಲ್ಲ.

'ಜಾಜ್ ಅಂದ್ರೆ ಸಾಹುಕಾರರ ಶೋಕಿ, ನಮಗ್ಯಾಕೆ?' ಎಂದು ನಮ್ಮ ಗೆಳೆಯರೇ ಕೆಲವರು ಕೇಳಿದರು. ಈ ಮಾತನ್ನು ನಾವು ಒಪ್ಪುವುದಿಲ್ಲ. ಜಾಜ್ ಅಮೆರಿಕದ ಗುಲಾಮರ ಮಕ್ಕಳು ಮೊಮ್ಮಕ್ಕಳು ಕಟ್ಟಿದ ಸಂಗೀತ. 1739ರಲ್ಲಿ ದಕ್ಷಿಣ ಕೆರೊಲಿನಾದ ಸ್ಟೋನೋ ಹೊಳೆಯ ಬಳಿ ಗುಲಾಮರು ಡೋಲು ಬಡಿಯುತ್ತ ದಂಗೆ ಎದ್ದರು. ಮರುವರ್ಷವೇ ಕಾನೂನು ಬಂದು ಅವರ ಕೈಯಿಂದ ಡೋಲನ್ನು ಕಿತ್ತುಕೊಂಡಿತು. ಧಣಿಗಳಿಗೆ ಚರ್ಮವಾದ್ಯದ ಭಯ ಎಲ್ಲಾ ಕಡೆಯೂ ಒಂದೇ.

ನ್ಯೂಯಾರ್ಕಿನ ಹಾರ್ಲೆಮ್ ಕರಿಯರ ಕೇರಿ. ಆ ಕೇರಿಯಲ್ಲೇ ಕಾಟನ್ ಕ್ಲಬ್ ಇತ್ತು. 1927ರಿಂದ ಅಲ್ಲಿ ಡ್ಯೂಕ್ ಎಲಿಂಗ್ಟನ್ ನುಡಿಸಿದ. ನುಡಿಸುವವರು ಕರಿಯರು, ಕುರ್ಚಿಗಳಲ್ಲಿ ಬಿಳಿಯರು. ಅದೇ ಕೇರಿಯ ಸಣ್ಣ ಮನೆಗಳಲ್ಲಿ ಬೇರೆಯೇ ಸಂಜೆಗಳು ನಡೆಯುತ್ತಿದ್ದವು. ಬಾಡಿಗೆ ಕಟ್ಟಲಾಗದವರು ಫ್ಯಾಟ್ಸ್ ವಾಲರನಂಥ ಪಿಯಾನೋಗಾರರನ್ನು ಕರೆಸಿ, ಬಾಗಿಲಲ್ಲಿ ಚಿಲ್ಲರೆ ಕಾಸು ಕೂಡಿಸಿ, ಬಾಡಿಗೆ ತೀರಿಸುತ್ತಿದ್ದರು. ಆಪ್ತ ಕೂಟ ಅಂದರೆ ಅದು ಸ್ವಾಮಿ! ಅಕ್ಕಪಕ್ಕದವರು ಒಂದು ಸಂಸಾರ ಬೀದಿಗೆ ಬೀಳದಂತೆ ತಡೆದ ಕೂಟ. ಬಾಬಾಸಾಹೇಬರು 1913ರಿಂದ 1916ರವರೆಗೆ ಓದಿದ ಕೊಲಂಬಿಯಾ ವಿಶ್ವವಿದ್ಯಾಲಯ ಆ ಹಾರ್ಲೆಮ್ಮಿನ ಪಕ್ಕದಲ್ಲೇ ಇದೆ. ಕರಿಯರು ವಿಶ್ವಸಂಸ್ಥೆಗೆ ಕೊಟ್ಟ ಮನವಿಯ ಪ್ರತಿ ಬೇಕೆಂದು 1946ರಲ್ಲಿ ಅವರು ಡುಬಾಯ್ಸ್‌ಗೆ ಪತ್ರ ಬರೆದರು. ಆ ನಂಟು ನಮ್ಮದು.

ಇನ್ನು ಈ 'ಐತಿಹಾಸಿಕ ಮನೆ'. ಯಾರ ಇತಿಹಾಸ? ದರಿಯಾ ದೌಲತ್ 1784ರದು. 1799ರ ನಂತರ ಅಲ್ಲಿ ವೆಲ್ಲೆಸ್ಲಿ ಇದ್ದ ಎಂದು ಮಕ್ಕಳಿಗೆ ಬಾಯಿಪಾಠ ಮಾಡಿಸುತ್ತೇವೆ. ಗಾರೆ ಅರೆದವರು, ಕಲ್ಲು ಹೊತ್ತವರು ಯಾರು? 1911ರಲ್ಲಿ ಶುರುವಾದ ಕಟ್ಟೆಯಲ್ಲಿ ಕನ್ನಂಬಾಡಿ ಊರೇ ಮುಳುಗಿತು. ಮುಳುಗಿದ ಗುಡಿಯ ಕಲ್ಲುಗಳನ್ನು ಜೋಪಾನವಾಗಿ ತೆಗೆದು ಬೇರೆ ಕಡೆ ಮತ್ತೆ ಕಟ್ಟಿದರು. ಮುಳುಗಿದ ಗುಡಿಸಲ ಲೆಕ್ಕ ಇಟ್ಟವರುಂಟೆ? ಅಮೆರಿಕದಲ್ಲಿ ಬಡತನದಲ್ಲಿ ಹುಟ್ಟಿದ ಲೂಯಿ ಆರ್ಮ್‌ಸ್ಟ್ರಾಂಗ್ ಬಾಳಿದ ಮನೆ 2003ರಿಂದ ವಸ್ತುಸಂಗ್ರಹಾಲಯ. ನಮ್ಮ ತಮಟೆಗಾರನೊಬ್ಬನ ಮನೆ ಐತಿಹಾಸಿಕ ಆಗುವುದು ಯಾವಾಗ?

1983ರಲ್ಲಿ ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್‌ನವರು ಜಾಜ್‌ನ ಚಾರ್ಲಿ ಮರಿಯಾನೋ ಜೊತೆ ನುಡಿಸಿದ 'ಜ್ಯೋತಿ' ಹೊರಬಂತು. ಸಂತೋಷ. ಮೃದಂಗ ಜಾಜ್ ಪಕ್ಕ ಕೂರಬಹುದಾದರೆ ತಮಟೆ ಯಾಕೆ ಕೂರಬಾರದು? ಮೃದಂಗಕ್ಕೆ ಬಿಗಿದದ್ದೂ ಚರ್ಮವೇ ಅಲ್ಲವೆ?

ಬೇರೆಯವರನ್ನು ಬೈದು ಕೈ ತೊಳೆದುಕೊಳ್ಳುವುದು ಸುಲಭ. ನಮ್ಮ ಸಭೆಗಳಲ್ಲಿ ನಾವೇನು ಮಾಡ್ತೀವಿ? ತಮಟೆಯವರಿಂದ ಮೆರವಣಿಗೆ ಹೊರಡಿಸ್ತೀವಿ. ಆಮೇಲೆ ಮೈಕು ಹಿಡಿದು ಎರಡು ಗಂಟೆ ಭಾಷಣ ಬಿಗಿತೀವಿ. ಅವರು ಪೆಂಡಾಲಿನ ಹಿಂದೆ ಬೀಡಿ ಸೇದುತ್ತ ಕೂತಿರ್ತಾರೆ. ಆ ಬಂಗಲೆಯ ಗೇಟು ನಮ್ಮೊಳಗೂ ಇದೆ.

ತಮಟೆ ಬಿಸಾಕಿ ಎನ್ನುವ ಗೆಳೆಯರೂ ಇದ್ದಾರೆ. ಅವರ ಸಿಟ್ಟು ನ್ಯಾಯವಾದದ್ದು. ಸಾವಿಗೆ ಬಾರಿಸಲ್ಲ ಎಂದವರಿಗೆ ಬಹಿಷ್ಕಾರ ಹಾಕಿದ ಊರುಗಳು ಈ ನಾಡಿನಲ್ಲಿವೆ. ಹುಟ್ಟಿನಿಂದ ಹೇರಿದ ಬಿಟ್ಟಿ ಚಾಕರಿ ಒಂದು ಕ್ಷಣವೂ ಉಳಿಯಬಾರದು. ಬಾರಿಸಲ್ಲ ಎನ್ನುವ ಹಕ್ಕು ಮೊದಲು. ಆ ಹಕ್ಕು ಇದ್ದವನು ಬಾರಿಸಿದಾಗ ಮಾತ್ರ ಅದು ಕಲೆ.

ಪಾಂಡವಪುರ, ಕೆ.ಆರ್.ಪೇಟೆ, ನಾಗಮಂಗಲದ ಮೇಷ್ಟ್ರುಗಳೇ, ವಿದ್ಯಾರ್ಥಿ ಗೆಳೆಯರೇ, ಬಂಗಲೆಯವರು ಗೇಟು ತೆಗೆಯಲಿ ಎಂದು ಕಾಯುವುದು ಬೇಡ. ಶಾಲೆಯ ಕೊಠಡಿಯಲ್ಲಿ ಒಂದು ಸಂಜೆ ಚಾಪೆ ಹಾಸಿ. ತಮಟೆಯವರನ್ನು ನಡುವೆ ಕೂರಿಸಿ, ಹೇಳಿದಷ್ಟು ಸಂಭಾವನೆ ಕೊಟ್ಟು, ಮಕ್ಕಳಿಗೆ ಅವರ ಹೆಸರು ಹೇಳಿಕೊಡಿ. ಆಮೇಲೆ ಆರ್ಮ್‌ಸ್ಟ್ರಾಂಗನ ತುತ್ತೂರಿ ಕೇಳಿಸಿ. ಗೋಡೆಯಾಚೆ ಕೂತ ಹಿರಿಯನಿಗೆ ತಿಳಿದದ್ದು ಆ ಮಕ್ಕಳಿಗೂ ತಿಳಿಯುತ್ತದೆ.