ಕಲಾಕ್ಷೇತ್ರದ ಹಿತ್ತಿಲು

ಹೋದ ವರ್ಷ ಎಂಟನೇ ತರಗತಿಯ ಮಕ್ಕಳನ್ನು ಬೆಂಗಳೂರಿಗೆ ಪ್ರವಾಸ ಕರೆದೊಯ್ದಿದ್ದೆವು. ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯ ನೋಡಿ ಬಸ್ಸು ಜೆ.ಸಿ. ರಸ್ತೆಗೆ ಬಂದಾಗ ಕಳಸದ ಕಡೆಯ ಹುಡುಗನೊಬ್ಬ ಕಿಟಕಿಯಿಂದ ಕೈ ತೋರಿಸಿ, "ಸಾರ್, ಅಲ್ಲಿ ಯಾರ ಮದುವೆ?" ಎಂದ. ಅವನು ತೋರಿಸಿದ್ದು ರವೀಂದ್ರ ಕಲಾಕ್ಷೇತ್ರವನ್ನು. ಹುಡುಗನದ್ದೇನೂ ತಪ್ಪಿಲ್ಲ. ಹೂವಿನ ತೋರಣ, ಬ್ಯಾನರು, ಹಾರಗಳ ಬುಟ್ಟಿ ಹಿಡಿದವರ ಓಡಾಟ. ಒಳಗೆ ಯಾರಿಗೋ ಸನ್ಮಾನ ನಡೆದಿತ್ತು.

1961ರಲ್ಲಿ ರವೀಂದ್ರನಾಥ ಟಾಗೋರರ ಜನ್ಮ ಶತಮಾನೋತ್ಸವ. ಅದರ ನೆನಪಿಗಾಗಿ ಹೈದರಾಬಾದಿನಲ್ಲಿ ರವೀಂದ್ರ ಭಾರತಿ ಎದ್ದಿತು, ಕಲ್ಕತ್ತೆಯಲ್ಲಿ ರವೀಂದ್ರ ಸದನ. ಬೆಂಗಳೂರಿನ ಕಲಾಕ್ಷೇತ್ರ ತೆರೆದದ್ದು 1963ರಲ್ಲಿ. ಎತ್ತರದ ರಂಗ, ಮುಂದೆ ಪರದೆ, ಕೆಳಗೆ ಸಾಲು ಕುರ್ಚಿ. ಗೋಡೆಗೆ ತೂಗುಹಾಕಿದ ಚಿತ್ರ ನೋಡುವಂತೆ ಎದುರಿನಿಂದ ನಾಟಕ ನೋಡುವ ವ್ಯವಸ್ಥೆ.

ಹತ್ತು ವರ್ಷ ತುಂಬುವ ಮೊದಲೇ, 1972ರಲ್ಲಿ, ಒಂದು ಸೋಜಿಗ ನಡೆಯಿತು. ಬಿ.ವಿ. ಕಾರಂತರು ಇಷ್ಟು ದೊಡ್ಡ ಕಟ್ಟಡವನ್ನು ಬಿಟ್ಟು ಅದರ ಹಿತ್ತಿಲಿನ ಬಯಲಿನಲ್ಲಿ ಮೂರು ನಾಟಕ ಆಡಿಸಿದರು. ಲಂಕೇಶರು ಕನ್ನಡಕ್ಕೆ ತಂದ 'ಈಡಿಪಸ್', ಅವರದೇ 'ಸಂಕ್ರಾಂತಿ', ಚಂದ್ರಶೇಖರ ಕಂಬಾರರ 'ಜೋಕುಮಾರಸ್ವಾಮಿ'. ಬಯಲಾಟದ ಮಣ್ಣಿನಿಂದಲೇ ಎದ್ದು ಬಂದ 'ಜೋಕುಮಾರಸ್ವಾಮಿ'ಯನ್ನು ಪರದೆಯ ಹಿಂದೆ ಕೂಡಿಹಾಕುವುದು ಹೇಗೆ? ಹುಡುಗನಾಗಿದ್ದಾಗ ಮನೆ ಬಿಟ್ಟು ಗುಬ್ಬಿ ಕಂಪನಿ ಸೇರಿದ್ದ ಕಾರಂತರಿಗೆ ಪರದೆಯ ಬೆಡಗೂ ಗೊತ್ತಿತ್ತು, ಅದರ ಮಿತಿಯೂ ಗೊತ್ತಿತ್ತು. ಆ ಹಿತ್ತಿಲೇ ಮುಂದೆ ನಾಟಕಕಾರ ಸಂಸರ ಹೆಸರಿನ ಬಯಲು ರಂಗಮಂದಿರವಾಯಿತು.

ನನ್ನಂಥ ವಿಜ್ಞಾನದ ಮೇಷ್ಟರಿಗೆ ಇಲ್ಲೊಂದು ಪ್ರಶ್ನೆ. ಗೋಡೆಯಿಲ್ಲದ ಕಡೆ ಮಾತು ಕೇಳಿಸುವುದು ಹೇಗೆ? ಬಯಲಿನಲ್ಲಿ ದೂರ ಎರಡರಷ್ಟಾದರೆ ಶಬ್ದದ ತೀವ್ರತೆ ಕಾಲುಭಾಗಕ್ಕೆ ಇಳಿಯುತ್ತದೆ. ಗೋಡೆಯಿದ್ದರೆ ಪ್ರತಿಫಲನದ ನೆರವುಂಟು. ಆದರೆ ಶಬ್ದದ ವೇಗ ಸೆಕೆಂಡಿಗೆ ಸುಮಾರು 340 ಮೀಟರ್. ಪ್ರತಿಫಲಿಸಿದ ಧ್ವನಿ ನೇರ ಬಂದದ್ದಕ್ಕಿಂತ 17 ಮೀಟರ್ ಹೆಚ್ಚು ಸುತ್ತಿ ಬಂದರೆ ಸೆಕೆಂಡಿನ ಇಪ್ಪತ್ತನೇ ಒಂದು ಭಾಗ ತಡವಾಗುತ್ತದೆ. ಅದಕ್ಕೂ ತಡವಾದರೆ ನೆರವಾಗುವ ಬದಲು ಹಿಂದಿನ ಅಕ್ಷರ ಮುಂದಿನ ಅಕ್ಷರದ ಮೇಲೆ ಬಿದ್ದು ಮಾತು ಕಲಸಿಹೋಗುತ್ತದೆ. ದೀಪಾವಳಿ ಕಳೆದ ಮೇಲೆ ನಮ್ಮ ಕಡೆಗೆ ಬರುವ ಯಕ್ಷಗಾನ ಮೇಳದವರು ಇದನ್ನು ಪುಸ್ತಕದಲ್ಲಿ ಓದಿದವರಲ್ಲ. ಭಾಗವತರ ಏರುಶ್ರುತಿ, ಚೆಂಡೆಯ ಪೆಟ್ಟು, ಮೂರು ಕಡೆ ಒತ್ತಿ ಕೂತ ಜನ, ಎಲ್ಲವೂ ಬಯಲಿಗೆ ಒಗ್ಗಿದ್ದು.

ನನಗೆ ಇದು ತಡವಾಗಿ ತಲೆಗೆ ಹೋಯಿತು. ಹಿಂದೆ ನಾನಿದ್ದ ಶಾಲೆಯೊಂದರ ವಾರ್ಷಿಕೋತ್ಸವದಲ್ಲಿ ಕೂಲಿ ಲೈನಿನಿಂದ ಬರುತ್ತಿದ್ದ ಹುಡುಗಿಗೆ ಮುಖ್ಯ ಪಾತ್ರ. ಮಾತೆಲ್ಲ ಬಾಯಿಪಾಠವಾಗಿತ್ತು. ತಗಡಿನ ಮಾಡು, ಬರಿ ಗೋಡೆ. ಮೂರನೇ ಸಾಲಿನಾಚೆ ಒಂದಕ್ಷರ ತಿಳಿಯಲಿಲ್ಲ. ನಾನು ಮೈಕಿನ ಸದ್ದು ಏರಿಸಿದೆ. ಗದ್ದಲ ದೊಡ್ಡದಾಯಿತು, ಮಾತಲ್ಲ. ಜನ ನಕ್ಕರು. ಕೆಲಸ ಮುಗಿಸಿ ಬಂದು ಹಿಂದೆ ನಿಂತಿದ್ದ ಅವಳ ತಾಯಿ ನಗಲಿಲ್ಲ.

ಮರುವರ್ಷ ಹತ್ತಿರದ ತೋಟದ ಕಾಫಿ ಕಣ ಕೇಳಿ ಪಡೆದೆವು. ಮೈಕಿಲ್ಲ. ಜನರನ್ನು ಅರ್ಧಚಂದ್ರಾಕಾರವಾಗಿ ಹತ್ತಿರ ಕೂರಿಸಿದೆವು. ಸಿಮೆಂಟಿನ ನೆಲ ಧ್ವನಿಯನ್ನು ತಡಮಾಡದೆ ಹಿಂದಕ್ಕೆ ಕೊಡುತ್ತದೆ. ಅದೇ ಹುಡುಗಿ ಪಿಸುದನಿಯಲ್ಲಿ ಹೇಳಿದ ಮಾತೂ ಕೊನೆಯವರೆಗೆ ಕೇಳಿಸಿತು. ಆಟ ಮುಗಿದ ಮೇಲೆ ಅವಳ ತಾಯಿ, "ಈ ಸಲ ಎಲ್ಲಾ ಕೇಳ್ತು ಸಾರ್" ಎಂದರು.

ಕಲಾಕ್ಷೇತ್ರದಲ್ಲಿ ಈಗ ಸನ್ಮಾನ, ಪುಸ್ತಕ ಬಿಡುಗಡೆ, ನೃತ್ಯ, ನಾಟಕ ಎಲ್ಲವೂ ಒಂದೇ ರಂಗದ ಮೇಲೆ. ನಾಟಕಕ್ಕೆಂದೇ ಮೀಸಲಾದ ಜಾಗವಾಗಿ ಅರುಂಧತಿ ನಾಗ್ ಅವರ ಪ್ರಯತ್ನದಿಂದ ಜೆ.ಪಿ. ನಗರದಲ್ಲಿ ರಂಗಶಂಕರ ತೆರೆದದ್ದು 2004ರಲ್ಲಿ. ಬೆಂಗಳೂರಿಗೆ ಹೋದಾಗ ಮಕ್ಕಳಿಗೆ ಎರಡನ್ನೂ ತೋರಿಸಿ, ಹಿತ್ತಿಲನ್ನು ಮರೆಯಬೇಡಿ.

ನಮ್ಮ ನಾಟಕ ಈ ಸಲವೂ ಕಣದಲ್ಲೇ, ಕೊಯ್ಲು ಮುಗಿದ ಮೇಲೆ, ಫೆಬ್ರವರಿ ಕೊನೆಗೆ. ತೋಟದವರೆಲ್ಲ ಹೂಮಳೆಗಾಗಿ ಮುಗಿಲು ನೋಡುವ ಕಾಲ. ಅದೊಂದು ಸಂಜೆ ಮಾತ್ರ ಮಳೆ ಬಾರದಿರಲಿ ಎಂದುಕೊಂಡಿದ್ದೇನೆ, ತೋಟದ ಯಜಮಾನರಿಗೆ ಹೇಳಿಲ್ಲ.