ಮೊದಲ ಗೇಮಿಂಗ್ ಕಂಪ್ಯೂಟರ್: ದುಡ್ಡು ಲೈಟಿಗೆ ಬೇಡ, ಪವರ್ ಸಪ್ಲೈಗೆ ಇರಲಿ



ಕಳೆದ ತಿಂಗಳು ಒಂದು ಭಾನುವಾರ ಪೂಜೆ ಮುಗಿದ ಮೇಲೆ ನಮ್ಮ ಯುವ ಸಂಘದ ಒಬ್ಬ ತಮ್ಮ ಚರ್ಚಿನ ಜಗಲಿಯಲ್ಲಿ ನಮ್ಮನ್ನು ಹಿಡಿದು ನಿಲ್ಲಿಸಿದ. ಪ್ಲಸ್ ಟು ಮುಗಿಸಿದ ಹುಡುಗ. ಮದುವೆ ಸೀಸನ್ನಿನಲ್ಲಿ ಕ್ಯಾಟರಿಂಗ್‌ನವರ ಜೊತೆ ಬಡಿಸಲು ಹೋಗಿ 28,000 ರೂಪಾಯಿ ಕೂಡಿಟ್ಟಿದ್ದಾನೆ. ಅಮ್ಮ ಬೀಡಿ ಕಟ್ಟಿ ಉಳಿಸಿದ್ದರಿಂದ 12,000 ಕೊಡುತ್ತೇನೆ ಎಂದಿದ್ದಾರೆ. ಒಟ್ಟು 40,000. ಅವನ ಮೊದಲ ಗೇಮಿಂಗ್ ಕಂಪ್ಯೂಟರಿಗೆ ಬೇಕಾದ ಪಟ್ಟಿ ಮೊಬೈಲಿನಲ್ಲಿ ತಯಾರಾಗಿತ್ತು.

ಪಟ್ಟಿಯ ಮೇಲ್ಗಡೆ ಗಾಜಿನ ಕ್ಯಾಬಿನೆಟ್, ಬಣ್ಣದ ಲೈಟಿನ ಆರು ಫ್ಯಾನ್, ಲೈಟಿನ ಕೀಬೋರ್ಡ್. ಆಮೇಲೆ ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್. ಕೊನೆಯ ಸಾಲಿನಲ್ಲಿ, "ಎಸ್‌ಎಂಪಿಎಸ್ – ಯಾವುದಾದರೂ".

ನಾವು ನಗಬಹುದಿತ್ತು, ಆದರೆ ನಗು ಬರಲಿಲ್ಲ. ಎರಡು ವರ್ಷ ಹಿಂದೆ ಇಂಥದೇ ಪಟ್ಟಿಯನ್ನು ನಾವೇ ಬರೆದುಕೊಟ್ಟಿದ್ದೆವು.

ಆಗ ನಮ್ಮ ಇನ್ನೊಬ್ಬ ಗೆಳೆಯನಿಗಾಗಿ ನಾಲ್ಕು ಜನ ಮಂಗಳೂರಿಗೆ ಹೋಗಿ ಪಾರ್ಟ್ಸ್ ತಂದು ಜೋಡಿಸಿದೆವು. ಲೈಟು ಚೆನ್ನಾಗಿ ಉರಿಯಿತು, ಫೋಟೋ ತೆಗೆದು ಸ್ಟೇಟಸ್ ಹಾಕಿದೆವು. ಕ್ಯಾಬಿನೆಟ್ ಜೊತೆಯಲ್ಲೇ ಸಿಕ್ಕ, ಹೆಸರು ಕೇಳದ ಪವರ್ ಸಪ್ಲೈ ಹಾಕಿದ್ದೆವು. ಮೂರು ತಿಂಗಳಾಗಿರಬೇಕು, ಒಂದು ಸಂಜೆ ಆಟದ ಮಧ್ಯೆ ಟಪ್ ಎಂದು ಶಬ್ದ, ಸುಟ್ಟ ವಾಸನೆ. ಪವರ್ ಸಪ್ಲೈ ಹೋಯಿತು, ಹೋಗುವಾಗ ಮದರ್‌ಬೋರ್ಡನ್ನೂ ಕರೆದುಕೊಂಡು ಹೋಯಿತು. ಅಂಗಡಿಯವರ ತಪ್ಪಲ್ಲ, ಆರಿಸಿದ್ದು ನಾವು. ಅವನ ಪಪ್ಪ ನಮ್ಮನ್ನು ಬೈಯಲಿಲ್ಲ. "ಆಯ್ತು ಮಕ್ಕಳೇ" ಅಂದರು. ಬೈದಿದ್ದರೆ ಒಳ್ಳೆಯದಿತ್ತು.

ಅದಕ್ಕೇ ಈ ಬರಹ. ಬಜೆಟ್ ಸಣ್ಣದಿದ್ದಾಗ, ಕಣ್ಣಿಗೆ ಕಾಣದ ಭಾಗಗಳಿಗೆ ಮೊದಲು ದುಡ್ಡು ಹಾಕಬೇಕು. ಕಾಣುವಂಥದು ಕಾಯಲಿ, ಗ್ರಾಫಿಕ್ಸ್ ಕಾರ್ಡು ಕೂಡ ಕಾಯಬಹುದು. ಇದು ನಮ್ಮ ಅಭಿಪ್ರಾಯ. ಕಾರಣ ಹೇಳುತ್ತೇವೆ.

ಪವರ್ ಸಪ್ಲೈ ಯಾಕೆ ಮೊದಲು?

ಗೋಡೆಯಿಂದ ಬರುವ 230 ವೋಲ್ಟ್ ಕರೆಂಟನ್ನು ಕಂಪ್ಯೂಟರಿಗೆ ಬೇಕಾದ 12 ವೋಲ್ಟ್, 5 ವೋಲ್ಟ್, 3.3 ವೋಲ್ಟ್ ಡಿಸಿಯಾಗಿ ಮಾಡಿ ಕೊಡುವುದು ಎಸ್‌ಎಂಪಿಎಸ್. ಉಳಿದ ಎಲ್ಲ ಭಾಗಗಳೂ ಅದರ ಕೈಯಿಂದಲೇ ಉಣ್ಣುತ್ತವೆ. ಪ್ರೊಸೆಸರ್ ನಿಧಾನವಾದರೆ ಆಟ ನಿಧಾನವಾಗುತ್ತದೆ, ಅಷ್ಟೇ. ಪವರ್ ಸಪ್ಲೈ ಕೆಟ್ಟದ್ದಾದರೆ ಮಿಕ್ಕಿದ್ದೆಲ್ಲ ಅಪಾಯದಲ್ಲಿರುತ್ತದೆ.

ಪೆಟ್ಟಿಗೆಯ ಮೇಲೆ ದೊಡ್ಡದಾಗಿ ಬರೆದ ವ್ಯಾಟ್ ನಂಬಬೇಡಿ. ಬದಿಯಲ್ಲಿ ಅಂಟಿಸಿದ ಲೇಬಲ್ ಓದಿ. ಅಲ್ಲಿ 12 ವೋಲ್ಟಿನ ಕೆಳಗೆ ಎಷ್ಟು ಆಂಪಿಯರ್ ಎಂದು ಇರುತ್ತದೆ. ಎರಡನ್ನೂ ಗುಣಿಸಿ. ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್ ಎರಡೂ ಮುಖ್ಯವಾಗಿ ಈ 12 ವೋಲ್ಟನ್ನೇ ಎಳೆಯುತ್ತವೆ. ಮೇಲೆ 450 ವ್ಯಾಟ್ ಎಂದು ಬರೆದು, ಲೇಬಲಿನಲ್ಲಿ 20 ಆಂಪಿಯರ್ ಇದ್ದರೆ 12 × 20 = 240 ವ್ಯಾಟ್ ಮಾತ್ರ. ಅಂಥದನ್ನು ಅಲ್ಲೇ ಬಿಟ್ಟು ಬನ್ನಿ. '80 ಪ್ಲಸ್' ಮುದ್ರೆ ಇದ್ದರೆ ಒಳ್ಳೆಯದೇ, ಆದರೆ ಅದು ಹೇಳುವುದು ಕರೆಂಟು ಎಷ್ಟು ವ್ಯರ್ಥವಾಗುತ್ತದೆ ಎಂಬುದನ್ನು ಮಾತ್ರ. ಗೊತ್ತಿರುವ ಕಂಪನಿ, ಐದು ವರ್ಷದ ವಾರಂಟಿ, ಮೊದಲೇ ಬಳಸಿದವರ ಮಾತು, ಇವನ್ನೂ ಸೇರಿಸಿ ನೋಡಿ.

ಯಾವ ಆಟ, ಯಾವ ಪರದೆ?

ಪಾರ್ಟ್ಸ್ ಹೆಸರು ಬರೆಯುವ ಮೊದಲು ಆಟದ ಹೆಸರು ಬರೆಯಿರಿ. ನಮ್ಮ ತಮ್ಮನನ್ನು ಕೇಳಿದೆವು. ವ್ಯಾಲೊರಂಟ್, ಮೈನ್‌ಕ್ರಾಫ್ಟ್, ಜಿಟಿಎ 5 ಅಂದ. ಮೂರೂ ಹಗುರ. ಜಿಟಿಎ 5 ಕಂಪ್ಯೂಟರಿಗೆ ಬಂದದ್ದೇ 2015ರಲ್ಲಿ. ಸೈಬರ್‌ಪಂಕ್ 2077ನಂಥ ಭಾರದ ಆಟ ಬೇಕು ಅಂದಿದ್ದರೆ ಲೆಕ್ಕ ಬೇರೆಯಾಗುತ್ತಿತ್ತು. ಪರದೆ 1080ಪಿ ಸಾಕು. ಮನೆಯಲ್ಲಿ ಎಚ್‌ಡಿಎಂಐ ಇರುವ ಟಿವಿ ಇದ್ದರೆ ಕೆಲವು ತಿಂಗಳು ಅದೇ ನಡೆಯುತ್ತದೆ.

ಆಮೇಲೆ ಎರಡು ದಾರಿ ಇದೆ.

ಒಂದನೇ ದಾರಿ, ಗ್ರಾಫಿಕ್ಸ್ ಒಳಗೇ ಇರುವ ಪ್ರೊಸೆಸರ್. ಎಎಂಡಿಯ ರೈಝನ್ 5 5600ಜಿ ಇದಕ್ಕೆ ಒಳ್ಳೆಯ ಉದಾಹರಣೆ. 2021ರದ್ದು, ಆರು ಕೋರ್, 65 ವ್ಯಾಟ್, ಪೆಟ್ಟಿಗೆಯಲ್ಲೇ ಕೂಲರ್ ಬರುತ್ತದೆ. ಕಾರ್ಡ್ ಇಲ್ಲದೆಯೇ ಮೇಲಿನ ಮೂರೂ ಆಟ ಸೆಟ್ಟಿಂಗ್ ಸ್ವಲ್ಪ ಇಳಿಸಿದರೆ ಆಡಬಹುದು. ಆದರೆ ಇದರಲ್ಲಿ ಗ್ರಾಫಿಕ್ಸ್ ಬಳಸುವುದು ನಿಮ್ಮ ರ‍್ಯಾಮನ್ನೇ. ಆದ್ದರಿಂದ 16 ಜಿಬಿಯ ಒಂದು ಕಡ್ಡಿ ಬೇಡ, 8ರ ಎರಡು ಕಡ್ಡಿ ಹಾಕಿ. ಎರಡು ಕಡ್ಡಿ ಇದ್ದರೆ ಮಾಹಿತಿ ಓಡಾಡುವ ದಾರಿ ಎರಡಾಗುತ್ತದೆ, ವ್ಯತ್ಯಾಸ ಆಟದಲ್ಲಿ ಕಣ್ಣಿಗೇ ಕಾಣುತ್ತದೆ. ಇದೇ ಬಗೆಯ ಹೊಸದು ಬೇಕಾದರೆ 2024ರ ರೈಝನ್ 5 8600ಜಿ ಇದೆ. ಅದು ಎಎಂ5 ಬೋರ್ಡಿಗೆ, ಡಿಡಿಆರ್5 ರ‍್ಯಾಮಿಗೆ. ಮುಂದೆ ಬೆಳೆಸಲು ಜಾಗ ಹೆಚ್ಚು, ಖರ್ಚೂ ಹೆಚ್ಚು.

ಎರಡನೇ ದಾರಿ, ಪ್ರೊಸೆಸರ್ ಬೇರೆ, ಕಾರ್ಡ್ ಬೇರೆ. ರೈಝನ್ 5 5600 ಅಥವಾ ಇಂಟೆಲ್ ಐ3-12100ಎಫ್, ಜೊತೆಗೆ 8 ಜಿಬಿಯ ರೇಡಿಯಾನ್ ಆರ್‌ಎಕ್ಸ್ 6600ನಂಥ ಕಾರ್ಡ್. ಈ ಕಾರ್ಡ್ 132 ವ್ಯಾಟ್, ರೈಝನ್ ಪ್ರೊಸೆಸರ್ 65. ಒಳ್ಳೆಯ 550 ವ್ಯಾಟಿನ ಪವರ್ ಸಪ್ಲೈ ಧಾರಾಳ ಸಾಕು. 750, 850 ಬೇಕೆಂದು ಯಾರಾದರೂ ಹೆದರಿಸಿದರೆ ಹೆದರಬೇಡಿ.

ಈ ದಾರಿಯಲ್ಲಿ ಎಡವುವ ಜಾಗಗಳಿವೆ. ಇಂಟೆಲ್ ಪ್ರೊಸೆಸರಿನ ಹೆಸರಿನ ಕೊನೆಯಲ್ಲಿ 'ಎಫ್' ಇದ್ದರೆ ಒಳಗೆ ಗ್ರಾಫಿಕ್ಸ್ ಇಲ್ಲ, ಕಾರ್ಡ್ ಹಾಕದೆ ಪರದೆಯಲ್ಲಿ ಏನೂ ಬರುವುದಿಲ್ಲ. ರೈಝನ್ 5 5600 ಕೂಡ ಹಾಗೆಯೇ. "ಕಾರ್ಡ್ ಆಮೇಲೆ ತೆಗೊಳ್ತೇನೆ" ಎನ್ನುವವರು ಇವನ್ನು ತರಬೇಡಿ. ಆರ್‌ಎಕ್ಸ್ 6500 ಎಕ್ಸ್‌ಟಿ ಅಗ್ಗವಾಗಿ ಕಾಣಬಹುದು. ಅದರಲ್ಲಿ 4 ಜಿಬಿ ಮಾತ್ರ, ಪಿಸಿಐಇ ದಾರಿಯೂ ನಾಲ್ಕೇ. 5600ಜಿಯಂಥ ಪಿಸಿಐಇ 3.0 ಪ್ರೊಸೆಸರಿಗೆ ಹಾಕಿದರೆ ಅದು ಇನ್ನೂ ಸೊರಗುತ್ತದೆ. ಜಿಟಿ 1030 ಎಂಬ ಒಂದೇ ಹೆಸರಿನಲ್ಲಿ ಎರಡು ಬಗೆ ಇವೆ, ಡಿಡಿಆರ್4 ಬರೆದದ್ದು ಬಹಳ ನಿಧಾನ.

ನಮ್ಮ ಸಲಹೆ ಒಂದನೇ ದಾರಿ. 40,000ದೊಳಗೆ ಎಲ್ಲವನ್ನೂ ತುರುಕಲು ಹೋದರೆ ಕತ್ತರಿ ಬೀಳುವುದು ಪವರ್ ಸಪ್ಲೈಗೆ, ರ‍್ಯಾಮಿಗೆ, ಬೋರ್ಡಿಗೆ. ಇವನ್ನು ಮೊದಲೇ ಗಟ್ಟಿಯಾಗಿ ತೆಗೆದುಕೊಂಡರೆ ಮುಂದಿನ ವರ್ಷ ಕಾರ್ಡ್ ತಂದು ಸಿಕ್ಕಿಸಿದರೆ ಆಯಿತು. ಮನೆ ಕಟ್ಟುವಾಗ ಪಂಚಾಂಗ ಗಟ್ಟಿ ಹಾಕಿ, ಮೇಲಿನ ಅಂತಸ್ತನ್ನು ಕೈಯಲ್ಲಿ ದುಡ್ಡು ಬಂದಾಗ ಎತ್ತುವುದು ನಮ್ಮ ಊರಿನ ಎಲ್ಲರಿಗೂ ಗೊತ್ತಿರುವ ಲೆಕ್ಕವೇ.

ಇಲ್ಲಿ ಒಂದೊಂದರ ಬೆಲೆ ಬರೆದಿಲ್ಲ, ಯಾಕೆಂದರೆ ಅದು ನಿಲ್ಲುವುದಿಲ್ಲ. 2025ರ ಕೊನೆಯಲ್ಲಿ ಎಐ ಡೇಟಾ ಸೆಂಟರ್‌ಗಳ ಬೇಡಿಕೆಯಿಂದ ರ‍್ಯಾಮಿನ ಬೆಲೆ ಏರಿದ್ದನ್ನು ನೋಡಿದವರಿಗೆ ಗೊತ್ತು. ಹೊರಡುವ ಮೊದಲು ರ‍್ಯಾಮ್ ಮತ್ತು ಎಸ್‌ಎಸ್‌ಡಿ ಬೆಲೆ ಕೇಳಿ, ಉಳಿದದ್ದನ್ನು ಅದಕ್ಕೆ ಹೊಂದಿಸಿ. ಎಸ್‌ಎಸ್‌ಡಿ 500 ಜಿಬಿಗಿಂತ ಕಡಿಮೆ ಬೇಡ. ಎಎಂ4 ಬೋರ್ಡ್ ಹಳೆಯ ಬಿ450 ಆಗಿದ್ದರೆ ಬಯಾಸ್ ಅಪ್‌ಡೇಟ್ ಆಗಿದೆಯಾ ಎಂದು ಅಂಗಡಿಯಲ್ಲೇ ಕೇಳಿ, ಇಲ್ಲದಿದ್ದರೆ ಮನೆಗೆ ಬಂದು ತಲೆಕೆಡಿಸಿಕೊಳ್ಳಬೇಕಾಗುತ್ತದೆ.

ನಮ್ಮ ಊರಿನ ಕರೆಂಟು, ನಮ್ಮ ಊರಿನ ಸಿಡಿಲು

ಯೂಟ್ಯೂಬಿನ ಪಟ್ಟಿಗಳಲ್ಲಿ ಇಲ್ಲದ ಒಂದು ವಿಷಯ ಇದು. ಮಂಜೇಶ್ವರ, ಕುಂಬಳೆ ಕಡೆ ಮಳೆಗಾಲಕ್ಕೆ ಮುಂಚೆ ಮತ್ತು ತುಲಾ ತಿಂಗಳಲ್ಲಿ ಸಂಜೆ ಗುಡುಗು ಸಿಡಿಲು ಹೇಗಿರುತ್ತದೆ ಎಂದು ನಿಮಗೆ ಹೇಳಬೇಕಾಗಿಲ್ಲ. ಸಿಡಿಲಿಗೆ ಸ್ವಿಚ್ ಆಫ್ ಮಾಡಿದರೆ ಸಾಲದು, ಪ್ಲಗ್ಗನ್ನೇ ಎಳೆದಿಡಿ. ತಾಮ್ರದ ತಂತಿಯಲ್ಲಿ ಇಂಟರ್ನೆಟ್ ಬರುವುದಾದರೆ ಅದನ್ನೂ ತೆಗೆಯಿರಿ. ಹಳೆಯ ಮನೆಗಳಲ್ಲಿ ಮೂರು ಪಿನ್ನಿನ ಸಾಕೆಟ್ ಇದ್ದರೂ ಅರ್ಥಿಂಗ್ ಇಲ್ಲದಿರಬಹುದು. ಲೈಟಿನ ಫ್ಯಾನಿಗೆ ಕೊಡುವ ದುಡ್ಡಿನಲ್ಲಿ ಒಬ್ಬ ಎಲೆಕ್ಟ್ರಿಷಿಯನ್ನನ್ನು ಕರೆಸಿ ಪರೀಕ್ಷೆ ಮಾಡಿಸಿ. ಯುಪಿಎಸ್ ತರುವುದಾದರೆ, 600 ವಿಎ ಎಂದರೆ 600 ವ್ಯಾಟ್ ಅಲ್ಲ, ಸಾಮಾನ್ಯವಾಗಿ 360 ವ್ಯಾಟಿನ ಆಸುಪಾಸು ಎಂಬುದು ನೆನಪಿರಲಿ.

ಬಿಲ್ ಇಲ್ಲದೆ ಕಡಿಮೆಗೆ ಕೊಡುತ್ತೇವೆ ಎಂದರೆ ಒಪ್ಪಬೇಡಿ. ವಾರಂಟಿ ಕೇಳುವ ದಿನ ಬಿಲ್ಲೇ ಬೇಕು. ಬಸ್ಸು ಹತ್ತಿ ತಲಪಾಡಿ ದಾಟಿ ವಾಪಸ್ ಹೋಗಿ ಕೇಳಬಹುದಾದ ಅಂಗಡಿ, ಆನ್‌ಲೈನಿಗಿಂತ ಐನೂರು ರೂಪಾಯಿ ಹೆಚ್ಚು ಹೇಳಿದರೂ ನಮಗೆ ಲಾಭವೇ. ಇಎಂಐ ಮಾತ್ರ ಬೇಡ. ಆಟದ ಸಾಮಾನಿಗೆ ಸಾಲ ಮಾಡಿ ಅಮ್ಮನ ಬೀಡಿ ದುಡ್ಡಿನಲ್ಲಿ ಕಂತು ಕಟ್ಟುವುದು ನ್ಯಾಯವಲ್ಲ.

ವಿಂಡೋಸ್ ಲೈಸೆನ್ಸಿನ ದುಡ್ಡನ್ನೂ ಲೆಕ್ಕಕ್ಕೆ ಸೇರಿಸಿ. ಕ್ರ್ಯಾಕ್ ಹಾಕುವುದು ಕದ್ದದ್ದೇ, ಅದರ ಜೊತೆ ವೈರಸ್ಸೂ ಬರಬಹುದು. ದುಡ್ಡು ಸಾಲದಿದ್ದರೆ ಲಿನಕ್ಸ್ ಇದೆ. ಕೇರಳದ ಶಾಲೆಯಲ್ಲಿ ಓದಿದ ನಮಗೆ ಅದು ಹೊಸತಲ್ಲ, ಐಟಿ ಕ್ಲಾಸಿನಲ್ಲಿ ಕಲಿತದ್ದು ಅದರಲ್ಲೇ. ಸ್ಟೀಮ್‌ನ ಪ್ರೋಟಾನ್ ಮೂಲಕ ವಿಂಡೋಸಿನ ಎಷ್ಟೋ ಆಟಗಳು ಅದರಲ್ಲಿ ನಡೆಯುತ್ತವೆ. ವ್ಯಾಲೊರಂಟ್ ಮಾತ್ರ ನಡೆಯುವುದಿಲ್ಲ.

ಹೆತ್ತವರ ಪ್ರಶ್ನೆ

ಈ ಮಾತೆಲ್ಲ ನಡೆಯುವಾಗ ತಮ್ಮನ ಅಮ್ಮ ಬಂದರು. "ನೀವೆಲ್ಲ ಸೇರಿ ಇವನಿಗೆ ಆಟದ ಪೆಟ್ಟಿಗೆ ತೆಗೆಸಿಕೊಡ್ತೀರಂತೆ, ಹೌದಾ? ಇವ ಹೇಳುವುದು ಓದಲಿಕ್ಕೆ ಅಂತ."

ಅವನು ತಲೆ ತಗ್ಗಿಸಿದ. ನಮ್ಮಲ್ಲಿ ಎಷ್ಟು ಜನ ಹೀಗೆ ಹೇಳಿಲ್ಲ? ಗೇಮಿಂಗ್ ಕಂಪ್ಯೂಟರಿನಲ್ಲಿ ಪ್ರೋಗ್ರಾಮಿಂಗ್ ಕಲಿಯಬಹುದು, ವಿಡಿಯೋ ಎಡಿಟ್ ಮಾಡಬಹುದು, ನಮ್ಮ ಹಬ್ಬದ ಪೋಸ್ಟರ್ ಮಾಡಬಹುದು. ಎಲ್ಲ ನಿಜ. ಆದರೆ ಕೊಳ್ಳುವ ಮುಖ್ಯ ಕಾರಣ ಆಟವಾಗಿದ್ದರೆ ಆಟ ಎಂದೇ ಹೇಳೋಣ. ದುಡಿದ ಹುಡುಗನಿಗೆ ಆಡುವ ಆಸೆ ಇರುವುದು ತಪ್ಪಲ್ಲ. ಸುಳ್ಳು ಹೇಳಿ ತಂದ ಕಂಪ್ಯೂಟರಿನ ಮುಂದೆ ಪ್ರತಿ ಸಂಜೆ ಕಳ್ಳನಂತೆ ಕೂರಬೇಕಾಗುತ್ತದೆ. ನಿಜ ಹೇಳಿದರೆ ಎಷ್ಟು ಹೊತ್ತು ಆಡುವುದು ಎಂಬುದನ್ನಾದರೂ ಕೂತು ಮಾತಾಡಬಹುದು.

ಹೆತ್ತವರಲ್ಲಿ ಒಂದು ವಿನಂತಿ. ಮಕ್ಕಳು ಪಾರ್ಟ್ಸ್ ಪಟ್ಟಿ ತಂದಾಗ "ಇದೆಲ್ಲ ನಮಗೆ ಅರ್ಥ ಆಗುವುದಿಲ್ಲ" ಎಂದು ಎದ್ದು ಹೋಗಬೇಡಿ. ಯಾವುದು ಯಾಕೆ ಬೇಕು, ಎಷ್ಟು ವರ್ಷ ಬರುತ್ತದೆ, ಹಾಳಾದರೆ ಯಾರು ನೋಡುತ್ತಾರೆ ಎಂದು ಕೇಳಿ. ಮಿಕ್ಸಿ, ಪಂಪು ಕೊಳ್ಳುವಾಗ ನೀವು ಕೇಳುವ ಪ್ರಶ್ನೆಗಳೇ ಇಲ್ಲಿಯೂ ಸಾಕು. ಉತ್ತರ ಹೇಳಲು ಬಾರದ ಹುಡುಗ ಇನ್ನೂ ಒಂದು ತಿಂಗಳು ಕಾಯಲಿ.

ತಮ್ಮ ಆ ದಿನ ಅಮ್ಮನಿಗೆ ನಿಜ ಹೇಳಿದ. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ಲೈಟು ಬೇಡ. ಗಟ್ಟಿ ಇರುವುದು ತೆಗೆದುಕೋ" ಅಂದರು. ನಾವು ಅರ್ಧ ಗಂಟೆ ಹೇಳಿದ್ದನ್ನು ಅವರು ಒಂದೇ ಮಾತಿನಲ್ಲಿ ಹೇಳಿ ಮುಗಿಸಿದರು.

"ಲೈಟ್ ಇಲ್ಲದಿದ್ದರೆ ಅದೆಂತ ಗೇಮಿಂಗ್ ಪಿಸಿ ಮಾರಾಯ್ರೇ?" ಎಂದು ತಮ್ಮ ಗೊಣಗಿದ. ಆದರೂ ಪಟ್ಟಿ ತಿದ್ದಿದ. ಈಗ ಎಸ್‌ಎಂಪಿಎಸ್ ಮೊದಲ ಸಾಲಿನಲ್ಲಿದೆ. 5600ಜಿ, 8ರ ಎರಡು ರ‍್ಯಾಮ್, 500 ಜಿಬಿ ಎಸ್‌ಎಸ್‌ಡಿ, ಗಾಳಿ ಆಡುವ ಸಾದಾ ಕ್ಯಾಬಿನೆಟ್. ಪರದೆಗೆ ಮನೆಯ ಟಿವಿ. ಗ್ರಾಫಿಕ್ಸ್ ಕಾರ್ಡ್ ಮುಂದಿನ ಮದುವೆ ಸೀಸನ್ನಿಗೆ.

ನೀವೂ ಪಟ್ಟಿ ಮಾಡುತ್ತಿದ್ದರೆ ಭಾನುವಾರ ಪೂಜೆಯ ನಂತರ ತನ್ನಿ, ಒಟ್ಟಿಗೆ ಕೂತು ನೋಡೋಣ. ನಾವು ಒಮ್ಮೆ ಸುಟ್ಟುಕೊಂಡವರು. ನಿಮ್ಮದು ಸುಡದಿರಲಿ.