ಮುಚ್ಚಿಟ್ಟ ಲೆಕ್ಕವು ವಿಜ್ಞಾನವಾದೀತೆ?

1971ರಲ್ಲಿ ಲಂಡನ್ನಿನ ಆಸ್ಪತ್ರೆಯೊಂದರಲ್ಲಿ ಗಾಡ್‌ಫ್ರೆ ಹೌನ್ಸ್‌ಫೀಲ್ಡರ ಸಿ.ಟಿ. ಯಂತ್ರವು ರೋಗಿಯೊಬ್ಬರ ಮಿದುಳನ್ನು ಮೊತ್ತಮೊದಲು ಚಿತ್ರಿಸಿತು. ಅಂತಹ ಚಿತ್ರವು ವಾಸ್ತವವಾಗಿ ಅಂಕೆಗಳ ಪಟ್ಟಿ. ಇಂದಿನ ಯಂತ್ರವು ಕೊಡುವ ಒಂದು ಪದರದಲ್ಲಿ ಸಾಮಾನ್ಯವಾಗಿ ಅಡ್ಡಕ್ಕೆ 512, ಉದ್ದಕ್ಕೆ 512, ಎಂದರೆ 2,62,144 ಅಂಕೆಗಳುಂಟು. ಒಬ್ಬನೇ ರೋಗಿಯಿಂದ ಇಂತಹ ನೂರಾರು ಪದರಗಳು ದೊರೆಯಬಹುದು. ಇವುಗಳ ನಡುವೆ ಗಡ್ಡೆ ಎಲ್ಲಿ ಮುಗಿಯಿತು, ಆರೋಗ್ಯವಾದ ಭಾಗ ಎಲ್ಲಿ ಮೊದಲಾಯಿತು ಎಂದು ಗೆರೆಯೆಳೆಯುವ ಕೆಲಸದಲ್ಲಿ ಗಣಕಯಂತ್ರವು ವೈದ್ಯರಿಗೆ ನೆರವಾಗುತ್ತದೆ. ಗಣಕವನ್ನು ಹಾಗೆ ನಡೆಸುವ ಆದೇಶಗಳ ಸರಣಿಯೇ ತಂತ್ರಾಂಶ. ಸಂಶೋಧನೆಯ ಮಟ್ಟಿಗಾದರೂ ಅದು ಎಲ್ಲರಿಗೂ ತೆರೆದಿರತಕ್ಕದ್ದೆಂಬುದು ನಮ್ಮ ಅಭಿಪ್ರಾಯ.

ಹಿಂದೊಮ್ಮೆ ವಿದ್ಯಾರ್ಥಿಗಳೊಡನೆ ಒಂದು ಸಂಶೋಧನ ಪ್ರಬಂಧವನ್ನೋದಿ, ಅದರ ವಿಧಾನದಂತೆಯೇ ಗೆರೆಯೆಳೆಯಲು ಹೊರಟೆವು. ಸಮೀಕರಣಗಳೆಲ್ಲ ಇದ್ದುವು. ಚಿತ್ರವನ್ನು ಮೊದಲು ಎಷ್ಟು ನಯಗೊಳಿಸಬೇಕು, ಲೆಕ್ಕವನ್ನು ಎಲ್ಲಿಗೆ ನಿಲ್ಲಿಸಬೇಕು ಎಂಬ ಎರಡು ಸಂಖ್ಯೆಗಳು ಮಾತ್ರ ಇರಲಿಲ್ಲ. ಅವನ್ನು ಕೊಂಚ ಬದಲಿಸಿದರೆ ಗಡ್ಡೆಯು ಹಿಗ್ಗುತ್ತಿತ್ತು, ಕುಗ್ಗುತ್ತಿತ್ತು! ಮೂರು ವಾರ ಹೆಣಗಿದರೂ ಆ ವಿಧಾನವು ಸರಿಯೆಂದಾಗಲಿ ತಪ್ಪೆಂದಾಗಲಿ ಹೇಳಲಾರದೆ ಹೋದೆವು. ಪರೀಕ್ಷಿಸಲಾಗದ ಫಲಿತಾಂಶವನ್ನು ಪ್ರಯೋಗಶಾಲೆಯಲ್ಲಿ ನಾವು ಒಪ್ಪುವೆವೆ? ಇಲ್ಲಿಯೇಕೆ ಒಪ್ಪಬೇಕು?

ಅಮೆರಿಕದ ರಾಷ್ಟ್ರೀಯ ವೈದ್ಯಕೀಯ ಗ್ರಂಥಾಲಯವು ಹಿಡಿದ ದಾರಿ ಗಮನಾರ್ಹವಾದುದು. ಮೃತ ಪುರುಷನೊಬ್ಬನ ದೇಹದ, 1 ಮಿಲಿಮೀಟರ್ ಅಂತರದ ಅಡ್ಡಕೊಯ್ತಗಳ ಚಿತ್ರಗಳನ್ನು ಅದು 1994ರಲ್ಲಿ ಪ್ರಕಟಿಸಿತು, ಮರುವರ್ಷ ಸ್ತ್ರೀದೇಹದವನ್ನು. ಆ ರಾಶಿಯನ್ನು ವಿಶ್ಲೇಷಿಸಲು ಉಪಕರಣಗಳು ಬೇಕಾದುವು. 1999ರಲ್ಲಿ ಹಲವು ವಿಶ್ವವಿದ್ಯಾನಿಲಯಗಳಿಗೂ ಸಂಸ್ಥೆಗಳಿಗೂ ಹಣವಿತ್ತು 'ಐ.ಟಿ.ಕೆ.' ಎಂಬ ತೆರೆದ ತಂತ್ರಾಂಶ ಭಂಡಾರವನ್ನು ಕಟ್ಟಿಸಲು ಮೊದಲು ಮಾಡಿತು. ಬಾಸ್ಟನ್ನಿನ ಆಸ್ಪತ್ರೆಯೊಂದರೊಡನೆ ಎಂ.ಐ.ಟಿ.ಯ ಸ್ನಾತಕೋತ್ತರ ವಿದ್ಯಾರ್ಥಿಯೊಬ್ಬರು ನಡೆಸಿದ ಪ್ರಬಂಧಕಾರ್ಯದಿಂದ ಮೊಳೆತ 'ತ್ರೀ-ಡಿ ಸ್ಲೈಸರ್' ಇಂದು ಈ ಭಂಡಾರವನ್ನು ತನ್ನೊಳಗಿಟ್ಟುಕೊಂಡೇ ಕೆಲಸ ಮಾಡುತ್ತದೆ. ವಿದ್ಯಾರ್ಥಿಯ ಕೆಲಸವೆಂಬುದನ್ನು ನಮ್ಮ ವಾಚಕರು ಗಮನಿಸಲಿ.

ತೆರೆದಿದ್ದ ಮಾತ್ರಕ್ಕೆ ತಂತ್ರಾಂಶವು ನಿರ್ದೋಷಿಯಾಗದು, ನಿಜ. ಸ್ಲೈಸರನ್ನು ನಿರ್ಮಿಸಿದವರೇ ಅದು ಸಂಶೋಧನೆಗೆಂದು ಇರುವುದೇ ಹೊರತು ಚಿಕಿತ್ಸೆಗಾಗಿ ಮಂಜೂರಾದುದಲ್ಲವೆಂದು ಸ್ಪಷ್ಟವಾಗಿ ಸಾರಿದ್ದಾರೆ. ನಮ್ಮನ್ನು ಹೆಚ್ಚು ಕಾಡುವುದು ಬೇರೆಯದು. ಗಣಕದ ವ್ಯವಸ್ಥೆಗಳು ಬದಲಾದಂತೆಲ್ಲ ಹಳೆಯ ತಂತ್ರಾಂಶವನ್ನು ತಿದ್ದಿ ಉಳಿಸಬೇಕು. ಬಾವಿ ತೋಡಿದವನ ಹೆಸರು ಕಲ್ಲಿನ ಮೇಲೆ, ವರ್ಷವರ್ಷವೂ ಹೂಳೆತ್ತುವವನ ಹೆಸರು ಎಲ್ಲಿಯೂ ಇಲ್ಲ. ಅಧ್ಯಾಪಕರ ಬಡ್ತಿಗೆ ಪ್ರಬಂಧಗಳನ್ನೆಣಿಸುವ ಸಮಿತಿಗಳು ಈ ಹೂಳೆತ್ತುವ ಕೆಲಸವನ್ನೂ ಎಣಿಸತಕ್ಕದ್ದು.

ಈ ವರ್ಷ ನಮ್ಮ ವಿದ್ಯಾರ್ಥಿಗಳು ಹಳೆಯ ಆ ಗಡ್ಡೆಯನ್ನು ಸ್ಲೈಸರಿನಲ್ಲಿ ಮತ್ತೆ ಗೆರೆಯೆಳೆದು ನೋಡಿದರು. ಇಬ್ಬರು ಎಳೆದ ಗೆರೆಗಳು ಒಂದೆಡೆ ಕೂಡಲಿಲ್ಲ. ಆದರೆ ಈ ಸಲ, ತಾವು ಬಳಸಿದ ಸಂಖ್ಯೆಗಳನ್ನೆಲ್ಲ ಇಬ್ಬರೂ ಬರೆದಿಟ್ಟಿದ್ದಾರೆ.